ಖಾಲಿ ಮೊಳೆ ನೋಡುವ ಕಣ್ಣು

ಮನೆಯಲ್ಲಿ ದೊಡ್ಡವರನ್ನು ಕೇಳಿಕೊಂಡು ಒಂದು ಪ್ರಯೋಗ ಮಾಡಿ. ನಡುಮನೆಯ ಗೋಡೆ ಗಡಿಯಾರವನ್ನು ಇಳಿಸಿ ಎದುರು ಗೋಡೆಗೆ ತೂಗುಹಾಕಿ. ಹಳೆಯ ಗೋಡೆಯ ಮೊಳೆ ಹಾಗೇ ಇರಲಿ. ಗಡಿಯಾರ ಎಲ್ಲಿಗೆ ಹೋಯಿತು ಎಂದು ಎಲ್ಲರಿಗೂ ಮೊದಲೇ ಹೇಳಿಬಿಡಿ, ಇದರಲ್ಲಿ ಗುಟ್ಟೇನೂ ಬೇಡ. ಆಮೇಲೆ ಒಂದು ಮೂಲೆಯಲ್ಲಿ ಕೂತು ಗಮನಿಸುತ್ತಿರಿ. ಆಫೀಸಿಗೆ ಹೊರಟ ಅಪ್ಪ ಚಪ್ಪಲಿ ಮೆಟ್ಟುತ್ತ ಮೊಳೆಯ ಕಡೆ ನೋಡುತ್ತಾರೆ. ಕುಕ್ಕರ್ ಇಟ್ಟ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಮೊಳೆಯ ಕಡೆ ನೋಡುತ್ತಾರೆ. ಗಡಿಯಾರವನ್ನು ಕೈಯಾರೆ ತೆಗೆದ ನೀವೂ ಅಲ್ಲಿಗೇ ನೋಡುತ್ತೀರಿ. "ಅಯ್ಯೋ, ಅಲ್ಲಿಲ್ಲ ಅಲ್ವಾ!" ಎಂದು ನಗುತ್ತೀರಿ. ಸಂಜೆಗೆ ಮತ್ತೆ ಅದೇ ಕಥೆ.

ಗಡಿಯಾರ ಅಲ್ಲಿಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಕಣ್ಣು ಯಾಕೆ ಅಲ್ಲಿಗೇ ಹೋಗುತ್ತದೆ? ಕಣ್ಣಿನದೇನೂ ತಪ್ಪಿಲ್ಲ. ಅದನ್ನು ಅತ್ತ ತಿರುಗಿಸಿದ್ದು ಮೆದುಳು. ಮೆದುಳಿಗೆ ಪ್ರತಿ ಕ್ಷಣವೂ ಎಲ್ಲವನ್ನೂ ಹೊಸದಾಗಿ ಹುಡುಕುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಅದು ಮನೆಯ, ಬೀದಿಯ, ಶಾಲೆಯ ನಕ್ಷೆಯೊಂದನ್ನು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಕತ್ತಲಲ್ಲಿ ಎದ್ದು ಸ್ವಿಚ್ ಹಾಕುವಾಗ ನಿಮ್ಮ ಕೈ ಸರಿಯಾದ ಜಾಗಕ್ಕೆ ಹೋಗುವುದು ಆ ನಕ್ಷೆಯಿಂದಲೇ. ನಕ್ಷೆ ಬರೆಯಲು ಬಹಳ ದಿನ ಹಿಡಿದಿರುತ್ತದೆ, ತಿದ್ದಲೂ ದಿನಗಳು ಬೇಕು.

ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಎಂಬ ವಿಜ್ಞಾನಿಗಳಿದ್ದಾರೆ. ಮೆದುಳು "ನಾನು ಈಗ ಎಲ್ಲಿದ್ದೇನೆ" ಎಂದು ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಪತ್ತೆ ಮಾಡಿದ್ದಕ್ಕೆ 2014ರಲ್ಲಿ ಅವರಿಗೂ ಜಾನ್ ಓಕೀಫ್ ಅವರಿಗೂ ನೊಬೆಲ್ ಬಹುಮಾನ ಬಂತು. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಆ ಪ್ರಯೋಗಾಲಯದವರು ಒಂದು ವಿಚಿತ್ರ ಸಂಗತಿ ಕಂಡರು. ಇಲಿಯೊಂದು ಪೆಟ್ಟಿಗೆಯೊಳಗೆ ತಿನಿಸಿನ ಚೂರು ಹುಡುಕುತ್ತ ಓಡಾಡುತ್ತಿರುತ್ತದೆ. ಪೆಟ್ಟಿಗೆಯ ಒಂದು ಕಡೆ ಆಟಿಕೆಯಂಥ ಒಂದು ವಸ್ತು ಇಟ್ಟಿರುತ್ತಾರೆ. ಇಲಿಯ ಮೆದುಳಿನ ಜೀವಕೋಶಗಳು ಯಾವಾಗ ಮಿಡಿಯುತ್ತವೆ ಎಂದು ಕೂದಲಿಗಿಂತ ಸಣ್ಣ ತಂತಿಗಳ ಮೂಲಕ ಕೇಳಿಸಿಕೊಳ್ಳಬಹುದು. ಇಲಿ ಆ ವಸ್ತುವಿನ ಹತ್ತಿರ ಬಂದಾಗ ಕೆಲವು ಕೋಶಗಳು ಪಟಪಟನೆ ಮಿಡಿದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಆಮೇಲೆ ಆ ವಸ್ತುವನ್ನು ಎತ್ತಿ ಹೊರಗಿಟ್ಟರು. ಈಗ ಬೇರೆ ಕೆಲವು ಕೋಶಗಳು ಕೆಲಸ ಶುರು ಮಾಡಿದವು. ವಸ್ತು ಇದ್ದ ಜಾಗಕ್ಕೆ, ಈಗ ಏನೂ ಇಲ್ಲದ ಜಾಗಕ್ಕೆ, ಇಲಿ ಬಂದಾಗಲೆಲ್ಲ ಅವು ಮಿಡಿದವು. ಒಂದು ದಿನವಲ್ಲ, ಹಲವು ದಿನ. "ಇಲ್ಲಿ ಒಂದು ಇತ್ತಲ್ಲ?" ಎಂದು ಕೇಳುವುದೇ ಆ ಕೋಶಗಳ ಕೆಲಸ ಇದ್ದ ಹಾಗೆ.

ಇಲಿಗೆ ಆಟಿಕೆಯ ಮೇಲೆ ಪ್ರೀತಿಯೇನೂ ಇರಲಿಲ್ಲ, ಅಲ್ಲವೇ? ಆದರೂ ಅದರ ಮೆದುಳು ಇಲ್ಲದ್ದನ್ನು ಇಷ್ಟು ದಿನ ಲೆಕ್ಕ ಇಟ್ಟಿತು. ಹಾಗಿದ್ದ ಮೇಲೆ ನೀವು ತುಂಬ ಪ್ರೀತಿಸಿದವರು ಇಲ್ಲವಾದರೆ ನಿಮ್ಮ ಮೆದುಳಿಗೆ ಎಷ್ಟು ಕೆಲಸ ಬೀಳಬೇಡ!

ಈಗ ಆಟಿಕೆ, ಗಡಿಯಾರ ಬಿಟ್ಟು ಅಜ್ಜನ ವಿಷಯಕ್ಕೆ ಬರೋಣ. ನಿಮಗೆ ಒಂಬತ್ತು ವರ್ಷ, ಅಜ್ಜ ಮೊನ್ನೆ ಮೊನ್ನೆ ತೀರಿಕೊಂಡರು ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷವೂ ಅವರು ನಿಮ್ಮ ಜೊತೆಗೇ ಇದ್ದರು. ಬೆಳಗಾಗುವ ಮೊದಲೇ ಅವರ ಕೆಮ್ಮು, ಹಾಲು ತರಲು ಹೊರಟಾಗ ಗೇಟಿನ ಕಿರ್ ಎನ್ನುವ ಸದ್ದು, ಜಗುಲಿಯ ಕುರ್ಚಿ, ಶಾಲೆಯ ವ್ಯಾನ್ ಬರುವ ಹೊತ್ತಿಗೆ ತಿರುವಿನಲ್ಲಿ ಕಾಣುವ ಬಿಳಿ ಪಂಚೆ. ಸಾವಿರಾರು ಬೆಳಗು, ಸಾವಿರಾರು ಸಂಜೆ ಮೆದುಳು ಇದನ್ನೆಲ್ಲ ಗುರುತು ಮಾಡಿಕೊಂಡಿದೆ. ಅಷ್ಟು ಸಲ ನಿಜವಾಗಿದ್ದದ್ದನ್ನು ಒಂದೇ ದಿನದಲ್ಲಿ ಅಳಿಸಿಹಾಕು ಎಂದರೆ ಅದು ಕೇಳುವುದಿಲ್ಲ.

ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಮೇರಿ-ಫ್ರಾನ್ಸಿಸ್ ಓ'ಕಾನರ್ ದುಃಖಪಡುತ್ತಿರುವವರ ಮೆದುಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ನಾರ್ವೆಯ ಇಲಿಗಳನ್ನೂ ಮನುಷ್ಯರ ಅಗಲಿಕೆಯನ್ನೂ ಜೋಡಿಸಿ ಯೋಚಿಸಿದ್ದು ಅವರೇ. ಅವರು ಹೇಳುವುದು ಹೀಗೆ: ನಮ್ಮವರನ್ನು ಮೆದುಳು ಮೂರು ಪ್ರಶ್ನೆಗಳಿಂದ ಹಿಡಿದಿಟ್ಟಿರುತ್ತದೆ. ಅವರು ಎಲ್ಲಿದ್ದಾರೆ? ಯಾವಾಗ ಸಿಗುತ್ತಾರೆ? ನನಗೆ ಎಷ್ಟು ಹತ್ತಿರದವರು? ಅಜ್ಜ ತೀರಿಕೊಂಡಾಗ ಮೊದಲ ಎರಡು ಪ್ರಶ್ನೆಗೆ ಉತ್ತರವೇ ಸಿಗದಂತಾಗುತ್ತದೆ. ಮೂರನೆಯದರ ಉತ್ತರ ಮಾತ್ರ ಚೂರೂ ಬದಲಾಗಿರುವುದಿಲ್ಲ. ಕಷ್ಟವಾಗುವುದು ಅಲ್ಲಿಯೇ. (ಇಲಿಯ ಕೋಶ ಕಂಡ ಮಾತ್ರಕ್ಕೆ ಮನುಷ್ಯರ ದುಃಖವೆಲ್ಲ ಅರ್ಥವಾಯಿತು ಎಂದುಕೊಳ್ಳಬೇಡಿ. ಇದೊಂದು ಸುಳಿವು, ಅಷ್ಟೇ. ನನಗೇನೋ ಇದು ಒಳ್ಳೆಯ ಸುಳಿವು ಎನ್ನಿಸುತ್ತದೆ.)

ಇನ್ನೊಂದು ಕಾರಣವೂ ಇದೆ. ತೊಟ್ಟಿಲ ಮಗುವಿನ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ಸರಕ್ಕನೆ ತೆಗೆದು "ಬೂ!" ಎನ್ನುವ ಆಟ ನೋಡಿದ್ದೀರಲ್ಲ? ಅಂದಿನಿಂದಲೂ ನಾವು ಕಲಿತಿರುವುದು ಒಂದೇ ಪಾಠ: ಕಾಣದೆ ಹೋದವರು ಮತ್ತೆ ಬರುತ್ತಾರೆ. ಅಮ್ಮ ಅಡುಗೆಮನೆಗೆ ಹೋದರೂ ಬಂದರು. ಅಪ್ಪ ಡ್ಯೂಟಿಗೆ ಹೋದರೂ ಬಂದರು. ಅಜ್ಜ ಧರ್ಮಸ್ಥಳಕ್ಕೆ ಹೋದವರು ಪ್ರಸಾದ ಹಿಡಿದುಕೊಂಡು ಬಂದೇ ಬಂದರು. ಬರುವುದು ತಡವಾದರೆ ಅಳು, ಹುಡುಕು, ಕೂಗು ಎಂದು ಮೆದುಳೇ ನಮ್ಮನ್ನು ಎಬ್ಬಿಸುತ್ತದೆ. ತಾಯಿಯಿಂದ ತಪ್ಪಿಸಿಕೊಂಡ ಕರು ಕೂಗುತ್ತ ಅಲೆಯುವುದೂ ಇದೇ ಏರ್ಪಾಟಿನಿಂದ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಈ ಏರ್ಪಾಟನ್ನು ಕಳೆದ ಶತಮಾನದಲ್ಲೇ ವಿವರಿಸಿದ್ದರು. ಜೀವ ಉಳಿಸಿಕೊಳ್ಳಲು ಬೇಕಾದ ಏರ್ಪಾಟು ಅದು. ಸಾವು ಎಂಬುದೊಂದು ಆದಾಗ ಅದು ತಟ್ಟನೆ ನಿಲ್ಲುವುದಿಲ್ಲ, ಹುಡುಕುತ್ತಲೇ ಇರುತ್ತದೆ.

ಹೀಗಾಗಿ ನಿಮ್ಮೊಳಗೆ ಎರಡು ತಿಳಿವಳಿಕೆ ಒಟ್ಟಿಗೆ ಕೂತಿರುತ್ತವೆ. ಒಂದಕ್ಕೆ ಅಜ್ಜ ತೀರಿಕೊಂಡ ದಿನದ ನೆನಪಿದೆ: ಮನೆ ತುಂಬ ಜನ, ಊದುಬತ್ತಿಯ ಹೊಗೆ, ಅತ್ತೆಯ ಅಳು. ಇನ್ನೊಂದು ಗೇಟಿನ ಸದ್ದಾದ ಕೂಡಲೇ "ಅಜ್ಜ ಬಂದ್ರು" ಎನ್ನುತ್ತದೆ. ಎರಡೂ ನಿಮ್ಮವೇ. "ಸತ್ತುಹೋಗಿದ್ದಾರೆ ಅಂತ ಗೊತ್ತು, ಆದರೂ ಬರ್ತಾರೆ ಅನ್ಸುತ್ತೆ" ಎಂದು ನೀವು ಹೇಳಿದರೆ ಅದು ಸುಳ್ಳಲ್ಲ, ದಡ್ಡತನವೂ ಅಲ್ಲ. ದೊಡ್ಡವರಿಗೂ ಹೀಗೇ ಆಗುತ್ತದೆ, ಕೇಳಿ ನೋಡಿ.

ಕೆಲವರಿಗೆ ಇನ್ನೂ ಮುಂದೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಗುಂಪಿನಲ್ಲಿ ಅಜ್ಜನದೇ ಬೆನ್ನು ಕಂಡಂತಾಗುತ್ತದೆ. ನಿದ್ದೆಗೆ ಜಾರುವಾಗ ಯಾರೋ ಹೆಸರು ಹಿಡಿದು ಕರೆದಂತಾಗುತ್ತದೆ. ಹೆದರಬೇಡಿ, ಅದು ದೆವ್ವವಲ್ಲ. 1971ರಲ್ಲಿ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಡೀವಿ ರೀಸ್ ಎಂಬ ವೈದ್ಯರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತನಾಡಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ತೀರಿಕೊಂಡವರು ಹತ್ತಿರದಲ್ಲೇ ಇದ್ದಂತೆ, ಕಂಡಂತೆ, ಮಾತಾಡಿದಂತೆ ಅನುಭವವಾಗಿತ್ತು. ಅವರಲ್ಲಿ ಮುಕ್ಕಾಲುಪಾಲು ಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ, ನಗುತ್ತಾರೆ ಎಂಬ ಅಂಜಿಕೆಯೂ ಅದಕ್ಕೊಂದು ಕಾರಣ. ಆರೋಗ್ಯವಾಗಿರುವ ಮೆದುಳೇ ಹೀಗೆ ಮಾಡುತ್ತದೆ. ನಕ್ಷೆ ಇನ್ನೂ ಹಳೆಯದು, ಅಷ್ಟೇ.

ನಕ್ಷೆ ತಿದ್ದುವುದಕ್ಕೆ ಅಡ್ಡದಾರಿಯಿಲ್ಲ. ವ್ಯಾನ್ ತಿರುವಿಗೆ ಬರುತ್ತದೆ, ಬಿಳಿ ಪಂಚೆ ಇಲ್ಲ. ಅಲ್ಲೊಂದು ಚುಚ್ಚು. ಮಾರನೇ ದಿನ ಮತ್ತೆ. ಒಂದೊಂದು ಸಲ ಚುಚ್ಚಿದಾಗಲೂ ಮೆದುಳು ಒಂದು ಗೆರೆ ತಿದ್ದಿಕೊಳ್ಳುತ್ತಿರುತ್ತದೆ. ಅಜ್ಜನಿಲ್ಲದ ಮೊದಲ ಯುಗಾದಿ, ಮೊದಲ ದೀಪಾವಳಿ ಹೆಚ್ಚು ನೋಯಿಸುವುದು ಅದಕ್ಕೇ. ವರ್ಷಕ್ಕೊಮ್ಮೆ ಬರುವ ದಿನಗಳನ್ನು ತಿದ್ದಲು ವರ್ಷಕ್ಕೊಮ್ಮೆಯೇ ಅವಕಾಶ. ಇಷ್ಟು ಕೆಲಸ ಒಳಗೆ ನಡೆಯುವಾಗ ಮಗ್ಗಿ ಮರೆತುಹೋಗುವುದು, ಪುಸ್ತಕ ಮನೆಯಲ್ಲೇ ಬಿಟ್ಟುಬರುವುದು, ಸುಮ್ಮಸುಮ್ಮನೆ ಸುಸ್ತಾಗುವುದು ಎಲ್ಲ ಇದ್ದದ್ದೇ. ಈ ಸಾಲನ್ನು ನಿಮ್ಮ ಟೀಚರಿಗೂ ತೋರಿಸಿ ಎಂದು ನನ್ನ ಆಸೆ.

ದುಃಖ ಮೆದುಳಲ್ಲಷ್ಟೇ ಕೂರುವುದಿಲ್ಲ, ಮೈಗೆಲ್ಲ ಇಳಿಯುತ್ತದೆ. ಕಣ್ಣೀರಿನಿಂದಲೇ ಶುರುಮಾಡೋಣ. ಕಣ್ಣಿನ ಮೇಲ್ಗಡೆ, ಕಿವಿಯ ಕಡೆಯ ಮೂಲೆಯಲ್ಲಿ ಕಣ್ಣೀರು ಮಾಡುವ ಗ್ರಂಥಿಯಿದೆ. ಕಣ್ಣೀರು ಮೂರು ಬಗೆ. ಕಣ್ಣು ಒಣಗದಂತೆ ಸದಾ ಸವರುವ ತೇವ ಒಂದು. ದೂಳು ಬಿದ್ದಾಗ, ಈರುಳ್ಳಿ ಹೆಚ್ಚುವಾಗ ತೊಳೆಯಲು ಬರುವ ನೀರು ಇನ್ನೊಂದು. ಮೂರನೆಯದು ಮನಸ್ಸು ತುಂಬಿ ಬಂದಾಗ ಸುರಿಯುವುದು. ಕಣ್ಣಿನ ಒಳಮೂಲೆಯಲ್ಲಿ, ರೆಪ್ಪೆಯಂಚಿನಲ್ಲಿ ಎರಡು ಪುಟ್ಟ ತೂತುಗಳಿವೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣೀರು ಅಲ್ಲಿಂದ ಮೂಗಿನೊಳಕ್ಕೆ ಇಳಿದುಹೋಗುತ್ತದೆ. ಅತ್ತಾಗ ಮೂಗು ಸೋರುವುದು ಅದಕ್ಕೇ, ನೆಗಡಿಯಿಂದಲ್ಲ. ಆ ತೂತು ಸಾಲದಾದಾಗ ಉಳಿದದ್ದು ಕೆನ್ನೆಯ ಮೇಲೆ ಹರಿಯುತ್ತದೆ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಆಗುತ್ತದಲ್ಲ, ಅಲ್ಲಿ ನಿಜವಾಗಿ ಏನೂ ಸಿಕ್ಕಿರುವುದಿಲ್ಲ. ದುಃಖ ಉಕ್ಕಿದಾಗ ಹೆಚ್ಚು ಗಾಳಿ ಬೇಕೆಂದು ಧ್ವನಿಪೆಟ್ಟಿಗೆಯ ಬಾಯಿ ಅಗಲವಾಗಿ ತೆರೆದುಕೊಳ್ಳಲು ನೋಡುತ್ತದೆ. ಉಗುಳು ನುಂಗುವಾಗ ಅದೇ ಬಾಯಿ ಮುಚ್ಚಬೇಕು. ತೆರೆಯುವ ಸ್ನಾಯು, ಮುಚ್ಚುವ ಸ್ನಾಯು ಎರಡೂ ಜಗ್ಗಾಡುತ್ತವೆ. ಆ ಜಗ್ಗಾಟವೇ ನಿಮಗೆ ಉಂಡೆಯಂತೆ ಅನ್ನಿಸುವುದು. ಹೊಟ್ಟೆ ಹಸಿಯದಿರುವುದು, ನಿದ್ದೆ ಬಾರದಿರುವುದು ಒತ್ತಡದ ಹಾರ್ಮೋನುಗಳ ಕೆಲಸ. ತಟ್ಟೆ ತುಂಬ ಬಡಿಸಿಕೊಳ್ಳಬೇಕಿಲ್ಲ. ಸ್ವಲ್ಪ ಗಂಜಿ, ಒಂದು ಬಾಳೆಹಣ್ಣು, ಆಗಾಗ ನೀರು ಸಾಕು.

ಕಣ್ಣೀರಿನ ವಿಷಯದಲ್ಲಿ ಚಾರ್ಲ್ಸ್ ಡಾರ್ವಿನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಜೀವವಿಕಾಸದ ಪಾಠದಲ್ಲಿ ಗಡ್ಡದ ಅಜ್ಜನಂತೆ ಕಾಣುವ ಅದೇ ಡಾರ್ವಿನ್. ಅವರು ತಮ್ಮ ಮಕ್ಕಳನ್ನೂ ಕುತೂಹಲದಿಂದ ಗಮನಿಸಿ ಬರೆದಿಡುತ್ತಿದ್ದರು. ಹುಟ್ಟಿದ ಕೂಸು ಎಷ್ಟೇ ಕಿರುಚಿದರೂ ಕಣ್ಣೀರು ಬರುವುದಿಲ್ಲ. ತಮ್ಮ ಒಂದು ಮಗು ಅತ್ತಾಗ ಕಣ್ಣೀರು ಕೆನ್ನೆಯ ಮೇಲೆ ಮೊದಲು ಉರುಳಿದ್ದು ಅದಕ್ಕೆ 139 ದಿನವಾದಾಗ ಎಂದು ಅವರು ದಾಖಲಿಸಿದ್ದಾರೆ. ಆ ಲೆಕ್ಕ ಇಟ್ಟ ಅಪ್ಪ ಮುಂದೆ 1851ರ ಏಪ್ರಿಲ್ 23ರಂದು ಹತ್ತು ವರ್ಷದ ಮಗಳು ಆ್ಯನಿಯನ್ನು ಕಳೆದುಕೊಂಡರು. ಒಂದು ವಾರದ ನಂತರ ಕೂತು ಅವಳ ಬಗ್ಗೆ ಕೆಲವು ಪುಟ ಬರೆದರು: ಹೇಗೆ ನಗುತ್ತಿದ್ದಳು, ಹೇಗೆ ನಡೆಯುತ್ತಿದ್ದಳು, ತಮ್ಮ ಕೂದಲು ಬಾಚುವುದೆಂದರೆ ಅವಳಿಗೆ ಎಷ್ಟು ಇಷ್ಟವಾಗಿತ್ತು. ಅಚ್ಚು ಹಾಕಿಸಲು ಬರೆದದ್ದಲ್ಲ ಅದು, ಮರೆಯದಿರಲು ಬರೆದದ್ದು. ಇಪ್ಪತ್ತೊಂದು ವರ್ಷಗಳ ಮೇಲೆ, 1872ರಲ್ಲಿ, ಮನುಷ್ಯರೂ ಪ್ರಾಣಿಗಳೂ ಭಾವನೆಯನ್ನು ತೋರಿಸುವ ಬಗೆಯ ಕುರಿತು ಅವರ ದೊಡ್ಡ ಪುಸ್ತಕ ಬಂತು. ದುಃಖವಾದಾಗ ಹುಬ್ಬಿನ ಒಳತುದಿ ಮೇಲೇಳುವುದನ್ನು, ಅದನ್ನು ಎತ್ತುವ ಸ್ನಾಯುಗಳನ್ನು ಅದರಲ್ಲಿ ವಿವರಿಸಿ, ಅವಕ್ಕೆ ದುಃಖದ ಸ್ನಾಯುಗಳೆಂದೇ ಹೆಸರಿಟ್ಟರು. ಬೇಕೆಂದು ಹಾಗೆ ಹುಬ್ಬೆತ್ತಲು ಬಹಳ ಜನರಿಗೆ ಬರುವುದಿಲ್ಲ. ನಿಮಗೆ ಬರುತ್ತದೋ ನೋಡಿ.

ನೋವಿನಿಂದ ಕೂಗುವ ಪ್ರಾಣಿಗಳಿವೆ. ಆದರೆ ದುಃಖಕ್ಕೆ ಕಣ್ಣೀರು ಸುರಿಸುವುದು, ಈವರೆಗೆ ತಿಳಿದಂತೆ, ಮನುಷ್ಯರೊಬ್ಬರೇ. ಯಾಕೆ ಎಂಬುದರ ಬಗ್ಗೆ ಇನ್ನೂ ಚರ್ಚೆಯಿದೆ. ಅತ್ತರೆ ಮೈಯ ವಿಷ ಹೊರಹೋಗುತ್ತದೆ ಎಂದು ಹೇಳುವವರಿದ್ದಾರೆ, ಅದಕ್ಕೆ ಗಟ್ಟಿಯಾದ ಪುರಾವೆ ಸಿಕ್ಕಿಲ್ಲ. ನನಗೆ ಒಪ್ಪಿಗೆಯಾಗುವ ಉತ್ತರ ಬೇರೆ: ಕಣ್ಣೀರು ಎದುರಿಗಿರುವವರಿಗೆ ಕಳಿಸುವ ಸುದ್ದಿ. "ನನಗೆ ಒಬ್ಬರು ಬೇಕು" ಎಂದು ಬಾಯಿಬಿಟ್ಟು ಹೇಳಲಾಗದಾಗ ಕೆನ್ನೆ ಹೇಳುತ್ತದೆ. "ಗಂಡು ಹುಡುಗ ಅಳಬಾರದು" ಎನ್ನುವ ಮಾವಂದಿರು ಪ್ರತಿ ಊರಲ್ಲೂ ಇದ್ದಾರೆ. ಕಣ್ಣೀರಿನ ಗ್ರಂಥಿ ಹುಡುಗರಿಗೂ ಎರಡಿದೆ, ಹುಡುಗಿಯರಿಗೂ ಎರಡಿದೆ ಎಂದು ಅವರಿಗೆ ಹೇಳಿ. ಅಳು ಬಾರದಿದ್ದರೂ ತೊಂದರೆಯಿಲ್ಲ. ಕಣ್ಣೀರಿನಲ್ಲಿ ಪ್ರೀತಿಯನ್ನು ಅಳೆಯಲಾಗುವುದಿಲ್ಲ.

ಇನ್ನು ಆಟದ ವಿಷಯ. ಮನೆಯಲ್ಲಿ ಸೂತಕ, ದೊಡ್ಡವರೆಲ್ಲ ಚಾಪೆಯ ಮೇಲೆ ಕೂತಿದ್ದಾರೆ, ಬೆಳಿಗ್ಗೆ ಬಿಕ್ಕಿ ಬಿಕ್ಕಿ ಅತ್ತ ನೀವು ಮಧ್ಯಾಹ್ನ ಹಿತ್ತಲಲ್ಲಿ ಗೋಲಿ ಆಡುತ್ತಿದ್ದೀರಿ. "ಅಜ್ಜ ಸತ್ತಿದ್ದಾರೆ, ಇದಕ್ಕೆ ಆಟ ಬೇರೆ ಕೇಡು" ಎಂದು ಯಾರೋ ಗದರುತ್ತಾರೆ. ನಿಮಗೂ ಒಳಗೊಳಗೆ ತಪ್ಪು ಮಾಡಿದೆನೇನೋ ಎನ್ನಿಸುತ್ತದೆ. ತಪ್ಪಿಲ್ಲ ಮಕ್ಕಳೇ. ಮಕ್ಕಳ ದುಃಖ ತುಂಡು ತುಂಡಾಗಿ ಬರುತ್ತದೆ. ಒಂದಷ್ಟು ಹೊತ್ತು ಅಳು, ಒಂದಷ್ಟು ಹೊತ್ತು ಆಟ, ಮಲಗುವಾಗ ಮತ್ತೆ ಅಳು. ಪುಟ್ಟ ಮನಸ್ಸು ಒಮ್ಮೆಗೇ ಹೊರಲಾಗದ್ದನ್ನು ಹೀಗೆ ಕಂತಿನಲ್ಲಿ ಹೊರುತ್ತದೆ. ನೆದರ್‌ಲ್ಯಾಂಡ್ಸಿನ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ದೊಡ್ಡವರ ಬಗ್ಗೆಯೂ ಇದನ್ನೇ ಹೇಳಿದರು: ಕಳೆದುಕೊಂಡದ್ದನ್ನು ನೆನೆಯುವುದು, ಅದನ್ನು ಬಿಟ್ಟು ದಿನದ ಕೆಲಸಕ್ಕೆ ಏಳುವುದು, ಮತ್ತೆ ನೆನೆಯುವುದು. ಈ ಹೋಗಿಬರುವಿಕೆಯಿಂದಲೇ ಮನುಷ್ಯರು ಸುಧಾರಿಸಿಕೊಳ್ಳುವುದು. ಗೋಲಿಯಾಟ ಆ ದಿನ ನಿಮ್ಮ ಪಾಲಿನ ಔಷಧಿಯೇ.

ಕೇಳಲು ಭಯವಾಗುವ ಕೆಲವು ಪ್ರಶ್ನೆಗಳಿರುತ್ತವೆ. ಅಜ್ಜನಿಗೆ ಮಣ್ಣಿನಡಿ ಚಳಿಯಾಗುವುದಿಲ್ಲವೇ? ಬೆಂಕಿ ಸುಡುವುದಿಲ್ಲವೇ? ಇಲ್ಲ. ಚಳಿ, ಬಿಸಿ, ಹಸಿವು, ನೋವು ಎಲ್ಲ ನಮಗೆ ತಿಳಿಯುವುದು ನರಗಳಿಂದ, ಮೆದುಳಿನಿಂದ. ಸಾವು ಎಂದರೆ ಗುಂಡಿಗೆ, ಉಸಿರು, ಮೆದುಳು ಎಲ್ಲವೂ ಕೆಲಸ ನಿಲ್ಲಿಸುವುದು, ಮತ್ತೆಂದೂ ಶುರುವಾಗದಂತೆ ನಿಲ್ಲಿಸುವುದು. ಹಾಗಾಗಿ ಅಜ್ಜನಿಗೆ ಈಗ ಏನೂ ನೋಯುತ್ತಿಲ್ಲ. "ಅಜ್ಜ ನಿದ್ದೆ ಮಾಡ್ತಿದ್ದಾರೆ" ಎಂದು ದೊಡ್ಡವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದನ್ನು ಕೇಳಿ ರಾತ್ರಿ ಮಲಗಲು ಹೆದರುವ ಚಿಕ್ಕ ಮಕ್ಕಳಿದ್ದಾರೆ. ನಿದ್ದೆಯಲ್ಲಿ ಗುಂಡಿಗೆ ಡಬ್ ಡಬ್ ಎನ್ನುತ್ತಲೇ ಇರುತ್ತದೆ, ಮೆದುಳು ಕನಸು ಕಾಣುತ್ತಿರುತ್ತದೆ. ನಿದ್ದೆಯೇ ಬೇರೆ, ಸಾವೇ ಬೇರೆ. ಸಾವು ಮರಳಿ ಬಾರದ್ದು, ಎಲ್ಲ ಜೀವಿಗಳಿಗೂ ಬರುವಂಥದ್ದು ಎಂಬುದು ಬಹುಪಾಲು ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೆ ಮೆಲ್ಲಮೆಲ್ಲನೆ ತಿಳಿಯುತ್ತ ಬರುತ್ತದೆ. ಮನೆಯಲ್ಲಿ ನಾಲ್ಕು ವರ್ಷದ ತಂಗಿ "ಅಜ್ಜ ಯಾವಾಗ ಬರ್ತಾರೆ?" ಎಂದು ಹತ್ತನೇ ಸಲ ಕೇಳಿದರೆ ರೇಗಬೇಡಿ. ಅವಳಿಗೆ ಆ ಪಾಠ ಇನ್ನೂ ಶುರುವಾಗಿಲ್ಲ.

ಇನ್ನೊಂದು ಪ್ರಶ್ನೆಯನ್ನು ಮಕ್ಕಳು ಯಾರ ಹತ್ತಿರವೂ ಹೇಳದೆ ಬಚ್ಚಿಟ್ಟುಕೊಳ್ಳುತ್ತಾರೆ: "ಹಿಂದಿನ ದಿನ ನಾನು ಅಜ್ಜನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ, ಅದಕ್ಕೇ ಹೀಗಾಯಿತಾ?" ಇದಕ್ಕೆ ವಿಜ್ಞಾನದಲ್ಲಿ ಅನುಮಾನವಿಲ್ಲದ ಉತ್ತರವಿದೆ. ಸಾವಿಗೆ ಮೈಯೊಳಗಿನ ಕಾರಣ ಬೇಕು. ರಕ್ತನಾಳ ಕಟ್ಟಿಕೊಳ್ಳಬೇಕು, ಸೋಂಕು ಆಗಬೇಕು, ಪೆಟ್ಟು ಬೀಳಬೇಕು, ಅಂಗಗಳು ಸವೆಯಬೇಕು. ಸಿಟ್ಟಿನ ಮಾತಿಗಾಗಲಿ, ಮನಸ್ಸಿನಲ್ಲಿ ಹಾದುಹೋದ ಕೆಟ್ಟ ಯೋಚನೆಗಾಗಲಿ ಇನ್ನೊಬ್ಬರ ಗುಂಡಿಗೆಯನ್ನು ನಿಲ್ಲಿಸುವ ಶಕ್ತಿಯಿಲ್ಲ. ನಿಮ್ಮಿಂದ ಆಗಲಿಲ್ಲ.

ಪ್ರಾಣಿಗಳಿಗೂ ಹೀಗಾಗುತ್ತದೆಯೇ? ಕೆನಡಾ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ಕಡಲಲ್ಲಿ ತಾಲಿಕ್ವಾ ಎಂಬ ಓರ್ಕಾ ತಿಮಿಂಗಿಲವಿದೆ. ವಿಜ್ಞಾನಿಗಳ ಪಟ್ಟಿಯಲ್ಲಿ ಅವಳ ಗುರುತು ಜೆ-35. 2018ರ ಜುಲೈ 24ರಂದು ಅವಳಿಗೊಂದು ಮರಿ ಹುಟ್ಟಿತು, ಅರ್ಧ ಗಂಟೆಯಷ್ಟೇ ಬದುಕಿತು. ತಾಲಿಕ್ವಾ ಆ ಮರಿಯನ್ನು ಮೂತಿಯ ಮೇಲೆ ಹೊತ್ತುಕೊಂಡು, ಜಾರಿ ಮುಳುಗಿದಾಗಲೆಲ್ಲ ಮುಳುಗಿ ಎತ್ತಿಕೊಂಡು, 17 ದಿನ ಸುಮಾರು 1,600 ಕಿಲೋಮೀಟರ್ ಈಜಿದಳು. ಆಮೇಲೆ ಬಿಟ್ಟಳು. 2020ರ ಸೆಪ್ಟೆಂಬರಿನಲ್ಲಿ ಅವಳಿಗೆ ಇನ್ನೊಂದು ಮರಿ ಹುಟ್ಟಿ ಆರೋಗ್ಯವಾಗಿ ಬೆಳೆಯಿತು. 2024ರ ಕೊನೆಯಲ್ಲಿ ಹುಟ್ಟಿದ ಮರಿ ಉಳಿಯಲಿಲ್ಲ; 2025ರ ಜನವರಿಯಲ್ಲಿ ಅವಳು ಅದನ್ನೂ ಹೊತ್ತು ಈಜುತ್ತಿದ್ದುದನ್ನು ಜನ ನೋಡಿದರು.

ನಮ್ಮ ದೇಶದಲ್ಲೇ ಉತ್ತರ ಬಂಗಾಳದ ಚಹಾ ತೋಟಗಳಲ್ಲಿ 2022 ಮತ್ತು 2023ರಲ್ಲಿ ಐದು ಆನೆಮರಿಗಳು ಮಣ್ಣಾಗಿರುವುದು ಕಂಡುಬಂತು. ಸತ್ತ ಮರಿಯನ್ನು ಹಿಂಡು ಸೊಂಡಿಲಲ್ಲೋ ಕಾಲು ಹಿಡಿದೋ ಎಳೆದು ತಂದು, ನೀರು ಹರಿಯಲು ತೋಡಿದ ಕಾಲುವೆಗೆ ಇಳಿಸಿ, ಕಾಲು ಮೇಲಾಗಿ ಮಲಗಿಸಿ ಮಣ್ಣು ಮುಚ್ಚಿತ್ತು. ಆ ದಾರಿಯಲ್ಲಿ ಆನೆಗಳು ಆಮೇಲೆ ಓಡಾಡುವುದನ್ನೇ ತಪ್ಪಿಸಿದವು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕೀನ್ಯಾದ ಅಂಬೋಸೆಲಿಯಲ್ಲಿ ಕ್ಯಾರನ್ ಮೆಕ್‌ಕೂಂಬ್ ಮತ್ತು ಜೊತೆಗಾರರು ಆನೆಗಳ ಮುಂದೆ ಆನೆಯ, ಕಾಡೆಮ್ಮೆಯ, ಘೇಂಡಾಮೃಗದ ತಲೆಬುರುಡೆಗಳನ್ನು ಇಟ್ಟು ನೋಡಿದರು. ಆನೆಗಳು ಆನೆಯ ಬುರುಡೆಯನ್ನೇ ಹೆಚ್ಚು ಹೊತ್ತು ಮೂಸಿದವು, ಸವರಿದವು. ತಮ್ಮದೇ ಕುಟುಂಬದ ಹಿರಿಯಳ ಬುರುಡೆಯನ್ನು ಮಾತ್ರ ಬೇರೆ ಆನೆಗಳದ್ದರಿಂದ ಪ್ರತ್ಯೇಕಿಸಿ ಹುಡುಕಿಕೊಂಡು ಹೋಗಲಿಲ್ಲ. 2006ರಲ್ಲಿ ಅವರು ಎರಡನ್ನೂ ಪ್ರಕಟಿಸಿದರು. ಒಳ್ಳೆಯ ವಿಜ್ಞಾನ ಹೀಗೇ ಇರುತ್ತದೆ. ನಮಗೆ ಇಷ್ಟವಾಗುವ ಉತ್ತರ ಅರ್ಧ ಸಿಕ್ಕರೆ ಅರ್ಧವೇ ಹೇಳಬೇಕು. ತಾಲಿಕ್ವಾ ಒಳಗೊಳಗೆ ಏನನ್ನು ಅನುಭವಿಸಿದಳು ಎಂದು ಅವಳನ್ನು ಕೇಳಲು ನಮಗೆ ಭಾಷೆಯಿಲ್ಲ. ಆದರೆ 17 ದಿನ ಬಿಡಲಾರದೆ ಹೊತ್ತದ್ದನ್ನು ದುಃಖ ಎಂದು ಕರೆಯಲು ನಾನಂತೂ ಹಿಂಜರಿಯುವುದಿಲ್ಲ.

ಪ್ರಾಣಿಗಾಗಿ ಮನುಷ್ಯ ಅಳುವುದೂ ಅಷ್ಟೇ ನಿಜ. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತ. ಅವನ ಮಾವುತ ಗೋಳಾಡಿದ್ದನ್ನು ರಾಜ್ಯವೆಲ್ಲ ಟಿ.ವಿ.ಯಲ್ಲಿ ನೋಡಿತು, "ಆನೆಗೆ ಯಾಕೆ ಇಷ್ಟು ಅಳು" ಎಂದು ಯಾರೂ ಕೇಳಲಿಲ್ಲ. ನಿಮ್ಮ ಮನೆಯ ನಾಯಿ ಸತ್ತಾಗ "ಇನ್ನೊಂದು ಮರಿ ತಂದರಾಯ್ತು ಬಿಡು" ಎನ್ನುವವರಿಗೆ ಇದನ್ನು ಜ್ಞಾಪಿಸಿ. ನಾಯಿಯೂ ನಿಮ್ಮ ನಕ್ಷೆಯಲ್ಲಿತ್ತು. ಶಾಲೆಯಿಂದ ಬಂದಾಗ ಬಾಗಿಲಲ್ಲಿ ಬಾಲ ಅಲ್ಲಾಡಬೇಕಾದ ಒಂದು ಜಾಗ ಅಲ್ಲಿದೆ.

ಹಾಗಾದರೆ ಇದು ಯಾವಾಗ ವಾಸಿಯಾಗುತ್ತದೆ? ದುಃಖಕ್ಕೆ ಐದು ಹಂತಗಳಿವೆ, ಒಂದಾದ ಮೇಲೊಂದು ದಾಟಬೇಕು ಎಂದು ಯೂಟ್ಯೂಬಿನಲ್ಲಿ ಹೇಳುವುದನ್ನು ನಿಮ್ಮ ಅಕ್ಕ ಅಣ್ಣ ಕೇಳಿರಬಹುದು. ಅದನ್ನು 1969ರಲ್ಲಿ ಬರೆದ ಎಲಿಜಬೆತ್ ಕೂಬ್ಲರ್-ರಾಸ್ ಮಾತನಾಡಿಸಿದ್ದು ತಾವೇ ಸಾಯುವ ಹಂತದಲ್ಲಿದ್ದ ರೋಗಿಗಳನ್ನು. ಅವರನ್ನು ಕಳೆದುಕೊಂಡ ಮನೆಯವರೆಲ್ಲ ಅದೇ ಮೆಟ್ಟಿಲು ಹತ್ತಬೇಕೆಂದಿಲ್ಲ, ಹತ್ತುವುದೂ ಇಲ್ಲ. ಸಿಟ್ಟು ಮೊದಲು ಬರಬಹುದು, ಬಾರದೆಯೂ ಇರಬಹುದು. ಮೂರು ತಿಂಗಳು ಚೆನ್ನಾಗಿದ್ದು, ಒಂದು ದಿನ ಬೀರು ತೆಗೆದಾಗ ಅಜ್ಜನ ಶಾಲಿನಿಂದ ನಶ್ಯದ ವಾಸನೆ ಬಂದು ಮತ್ತೆ ಅಳು ಉಕ್ಕಬಹುದು. ವಾಸನೆಗೆ ಹಾಗೊಂದು ಶಕ್ತಿಯಿದೆ. ಕಂಡದ್ದು, ಕೇಳಿದ್ದು ಮೆದುಳಿನಲ್ಲಿ ಮೊದಲು ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗಬೇಕು. ವಾಸನೆ ಅಲ್ಲಿ ನಿಲ್ಲದೆ ನೆನಪು, ಭಾವನೆಗಳಿರುವ ಭಾಗಕ್ಕೆ ನೇರ ನುಗ್ಗುತ್ತದೆ. ಹಾಗೆ ಅತ್ತರೆ ನೀವು ಹಿಂದಕ್ಕೆ ಜಾರಿದಿರಿ ಎಂದೇನೂ ಅಲ್ಲ.

ಅಜ್ಜನನ್ನು ಮರೆತರೆ ಮಾತ್ರ ದುಃಖ ಹೋಗುತ್ತದೆ ಎಂದು ಹೆದರುವ ಮಕ್ಕಳೂ ಇದ್ದಾರೆ. ಮೆದುಳು ಅಳಿಸುವುದಿಲ್ಲ, ಜಾಗ ಬದಲಿಸುತ್ತದೆ. ತಿರುವಿನಲ್ಲಿ ನಿಲ್ಲುತ್ತಿದ್ದ ಅಜ್ಜ ಕ್ರಮೇಣ ನೆನಪಿನಲ್ಲಿ ಕೂತ ಅಜ್ಜನಾಗುತ್ತಾರೆ. ಅಲ್ಲಿ ಅವರನ್ನು ಹುಡುಕಿದರೆ ಸಿಗುತ್ತಾರೆ, ಚುಚ್ಚುವುದು ಕಡಿಮೆಯಾಗುತ್ತದೆ. ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರಲ್ಲ, ಅದನ್ನು ಗಮನಿಸಿ. ಬಾಳೆಲೆಯ ಮೇಲೆ ಅಜ್ಜನಿಗೆ ಇಷ್ಟವಾದದ್ದನ್ನೇ ಬಡಿಸುತ್ತಾರೆ, ವಡೆ, ಕಜ್ಜಾಯ, ಕೆಲವರ ಮನೆಯಲ್ಲಿ ಕೋಳಿಸಾರು, ಬೀಡಿ ಕಟ್ಟು ಕೂಡ. ಬಡಿಸುತ್ತ "ಅಪ್ಪನಿಗೆ ಇದಕ್ಕೆ ಉಪ್ಪು ಮುಂದಿರಬೇಕು" ಎಂದು ದೊಡ್ಡಪ್ಪ ನಗುತ್ತಾರೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಹಬ್ಬದ ನೆಪದಲ್ಲಿ ಎಲ್ಲರೂ ಕೂತು ಮಾತನಾಡಲು ಒಂದು ದಿನ ಸಿಗುತ್ತದೆ. ಡಾರ್ವಿನ್ ಮಗಳ ಬಗ್ಗೆ ಬರೆದಿಟ್ಟದ್ದೂ ಇದೇ ಜಾತಿಯ ಕೆಲಸ. ನೀವೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಅಜ್ಜ ಹೇಳುತ್ತಿದ್ದ ಒಗಟು, ಸೈಕಲ್ ಪಂಕ್ಚರ್ ಹಾಕುತ್ತಿದ್ದ ಬಗೆ, ಗೊರಕೆ ಸದ್ದು ಯಾವುದಾದರೂ ಸರಿ.

ಹೆಚ್ಚಿನವರಿಗೆ ತಿಂಗಳುಗಳು ಕಳೆದಂತೆ ಭಾರ ತಾನೇ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ. ಆರು ತಿಂಗಳಾದರೂ ದಿನದಿನವೂ ಅಷ್ಟೇ ನೋವು, ಶಾಲೆ ಬೇಡ, ಊಟ ಬೇಡ, ಗೆಳೆಯರು ಬೇಡ, ನಾನೂ ಅಜ್ಜನ ಹತ್ತಿರ ಹೋಗಬೇಕು ಎನ್ನಿಸತೊಡಗಿದರೆ ಅದನ್ನು ಒಬ್ಬರೇ ಇಟ್ಟುಕೊಳ್ಳಬೇಡಿ. ಆ ಕೊನೆಯ ಯೋಚನೆ ಒಂದೇ ಸಲ ಬಂದರೂ ಅವತ್ತೇ ಯಾರಾದರೂ ದೊಡ್ಡವರಿಗೆ ಹೇಳಿ. ಮನೆಯವರೂ ದುಃಖದಲ್ಲಿ ಮುಳುಗಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲದಿದ್ದರೆ ಟೀಚರಿಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ದುಡ್ಡಿಲ್ಲದೆ ಫೋನ್ ಮಾಡಬಹುದು. ಮನಸ್ಸಿನ ಕಷ್ಟಕ್ಕೆಂದೇ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಮಾರ್ಗದರ್ಶನ ಮಾಡುವುದು ಬೆಂಗಳೂರಿನ ನಿಮ್ಹಾನ್ಸ್, ಕನ್ನಡದಲ್ಲೇ ಮಾತನಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.

ಈ ಬರಹ ಓದುತ್ತಿರುವ ನಿಮ್ಮ ಮನೆಯಲ್ಲಿ ಯಾರೂ ತೀರಿಕೊಂಡಿಲ್ಲದಿರಬಹುದು. ಆದರೆ ತರಗತಿಯಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಹದಿನೈದು ದಿನ ರಜೆಯಾಗಿ, ತಲೆ ಬೋಳಿಸಿಕೊಂಡು ಹುಡುಗನೊಬ್ಬ ಬಂದರೆ ಕಿಸಕ್ಕೆನ್ನಬೇಡಿ, ಟೋಪಿ ಎಳೆಯಬೇಡಿ. ಏನು ಹೇಳಬೇಕೋ ಗೊತ್ತಾಗುವುದಿಲ್ಲವೆಂದು ದೂರ ಹೋಗಿ ಕೂರುವುದು ಇನ್ನೂ ಕೆಟ್ಟದ್ದು. "ಅಳಬೇಡ" ಎನ್ನಬೇಕಿಲ್ಲ. "ನಿಮ್ಮಪ್ಪ ತೀರಿಕೊಂಡ್ರಂತೆ, ನಂಗೂ ಬೇಜಾರಾಯ್ತು" ಎಂದರೆ ಧಾರಾಳವಾಯಿತು. ಪಕ್ಕದಲ್ಲಿ ಕೂತುಕೊಳ್ಳಿ. ತಪ್ಪಿಹೋದ ಪಾಠದ ನೋಟ್ಸ್ ಕೊಡಿ. ನೆಂಟರೆಲ್ಲ ಹದಿಮೂರನೇ ದಿನಕ್ಕೆ ಬಸ್ ಹತ್ತಿ ಹೋಗಿರುತ್ತಾರೆ, ಅವನಿಗೆ ಜನ ಬೇಕಾಗುವುದು ಆಮೇಲೆಯೇ. ಆದ್ದರಿಂದ ಎರಡು ತಿಂಗಳ ನಂತರವೂ "ನಿಮ್ಮಪ್ಪ ಹೇಗಿದ್ರು, ಹೇಳೋ" ಎಂದು ಕೇಳಿ. ಕಬಡ್ಡಿಗೆ ಒಬ್ಬ ಕಡಿಮೆ ಬಿದ್ದಾಗ ಅವನನ್ನೇ ಕೂಗಿ. ಬರಲ್ಲ ಎಂದರೆ ಬಿಡಿ, ನಾಳೆ ಮತ್ತೆ ಕೂಗಿ.